ವಿಡಂಬನೆಯ ಮೊಸಳೆ: ಪ್ರತಿಭಟನೆಯಲ್ಲಿ ಪ್ರಾಣಿರೂಪಕ

ವಿಡಂಬನೆ ಕೇವಲ ಗ್ರಂಥಸ್ಥ ಪ್ರಕಾರವಲ್ಲ. ಬೀದಿಯೂ ಅದರ ರಂಗಸ್ಥಳ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಅವರು ಬೆಂಗಳೂರಿನ ರಸ್ತೆಗುಂಡಿಯೊಂದನ್ನು ಕೊಳದಂತೆ ಚಿತ್ರಿಸಿ, ಅದರಲ್ಲಿ ಕೃತಕ ಮೊಸಳೆಯನ್ನು ಇರಿಸಿದರು. ಆಡಳಿತದ ನಿರ್ಲಕ್ಷ್ಯ ನಗೆಗೀಡಾಯಿತು. ಯಾವ ಪ್ರಾಣಿಗೂ ನೋವಾಗಲಿಲ್ಲ.

ಶ್ರೀರಂಗಪಟ್ಟಣ ತಾಲ್ಲೂಕಿನ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾಯಿತು. ಅಲ್ಲಿನ ಬಂಡೆಗಳ ಮೇಲೆ ನಿಜವಾದ ಮೊಸಳೆಗಳನ್ನು ಕಂಡವರಿಗೆ ಈ ಅಣಕದ ಮರ್ಮ ಬೇಗನೆ ತಿಳಿಯುತ್ತದೆ: ಕಾವೇರಿಯ ಜೀವಿ ರಸ್ತೆಯಲ್ಲಿ ಕಾಣಿಸಿಕೊಂಡ ಸ್ಥಾನಪಲ್ಲಟವೇ ಇಲ್ಲಿ ಹಾಸ್ಯದ ಮೂಲ.

ನಮ್ಮ ಪ್ರತಿಭಟನೆಗಳಲ್ಲಿ ಕತ್ತೆ, ಎಮ್ಮೆಗಳನ್ನು ಮೆರವಣಿಗೆ ಮಾಡುವ ರೂಢಿಯೂ ಇದೆ. ಅಲ್ಲಿ ಅಣಕದ ಗುರಿ ಅಧಿಕಾರಸ್ಥರು; ಬಿಸಿಲು, ಗದ್ದಲಗಳು ಮಾತ್ರ ಮೂಕಪ್ರಾಣಿಯ ಪಾಲು. ‘ಕತ್ತೆ’ಯನ್ನು ಬೈಗುಳವಾಗಿಸಿದ ಭಾಷಿಕ ಪೂರ್ವಗ್ರಹವೇ ಆ ಅಣಕಕ್ಕೆ ಆಧಾರ. ಪ್ರಾಣಿಪರ ವಿಡಂಬನೆಯು ಮೊದಲು ಪರೀಕ್ಷಿಸಬೇಕಾದುದು ತನ್ನದೇ ರೂಪಕಗಳನ್ನು.