ದೂರ ಎಷ್ಟು? ಹೊತ್ತು ಎಷ್ಟು?



ನಾವು ಸಂತೆಗೆ ಹೋಗುತ್ತೇವೆ. ತವರಿಗೆ ಹೋಗುತ್ತೇವೆ. ಊರಲ್ಲಿ ಕೆಲಸ ಇಲ್ಲದಾಗ ಬೆಂಗಳೂರಿಗೆ ಗುಳೆ ಹೋಗುತ್ತೇವೆ. ಎಷ್ಟೊತ್ತಿಗೆ ಮುಟ್ಟುತ್ತೇವೆ ಅಂತ ಬೇರೆಯವರನ್ನು ಕೇಳುತ್ತೇವೆ. ಈಗ ನಮಗೆ ಅಂಕಿ ಓದಲು ಬರುತ್ತದೆ. ಲೆಕ್ಕ ನಾವೇ ಹಾಕೋಣ.

ನಡಿಗೆ ಮತ್ತು ಬಸ್ಸು

ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಸುಮಾರು 55 ಕಿ.ಮೀ. ನಾವು ತಾಸಿಗೆ 5 ಕಿ.ಮೀ. ನಡೆಯುತ್ತೇವೆ ಅನ್ನೋಣ. 55ರಲ್ಲಿ 5 ಎಷ್ಟು ಸಲ ಹೋಗುತ್ತದೆ? 11 ಸಲ. ಅಂದರೆ 11 ತಾಸು ನಡೆಯಬೇಕು. ಬಸ್ಸಾದರೆ ಸುಮಾರು ಒಂದೂವರೆ ತಾಸು ಸಾಕು. ದೂರ ಅಷ್ಟೇ ಇದೆ. ವೇಗ ಹೆಚ್ಚಾಯಿತು, ಹೊತ್ತು ಕಡಿಮೆ ಆಯಿತು.

ನೆನಪಿಡೋಣ: ದೂರವನ್ನು ವೇಗದಿಂದ ಭಾಗಿಸಿದರೆ ಹೊತ್ತು ಸಿಗುತ್ತದೆ.

ಮಸ್ಕಿ ಮತ್ತು ಪಾಟ್ನಾ

ಮಸ್ಕಿಯ ಗುಡ್ಡದಲ್ಲಿ ಅಶೋಕ ರಾಜನ ಶಾಸನ ಇದೆ. ಅದನ್ನು ಕೆತ್ತಿ 2,200 ವರ್ಷಗಳ ಮೇಲಾಯಿತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅದನ್ನು ಕಂಡರು. ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಒಳ್ಳೆಯದನ್ನು ಸಾಧಿಸಲು ಆಗುತ್ತದೆ ಎಂಬ ಅರ್ಥದ ಮಾತು ಅದರಲ್ಲಿದೆ.

ಅಶೋಕನ ರಾಜಧಾನಿ ಪಾಟಲಿಪುತ್ರ. ಈಗ ಅದು ಬಿಹಾರದ ಪಾಟ್ನಾ. ಮಸ್ಕಿಯಿಂದ ಅಲ್ಲಿಗೆ ನೇರ ಗೆರೆ ಎಳೆದರೆ ಸುಮಾರು 1,400 ಕಿ.ಮೀ. ಆಗ ಒಬ್ಬ ಮನುಷ್ಯ ದಿನಕ್ಕೆ 25 ಕಿ.ಮೀ. ನಡೆದಿದ್ದರೆ 56 ದಿನ ಬೇಕಿತ್ತು. ದಾರಿ ನೇರ ಇರುವುದಿಲ್ಲ. ನಡುವೆ ಹೊಳೆ, ಗುಡ್ಡ, ಅಡವಿ ಬರುತ್ತವೆ. ಹಾಗಾಗಿ ಇನ್ನೂ ಹೆಚ್ಚೇ ಬೇಕು.

ಈಗ ವಿಮಾನ ಇದೆ. ಅದು ಮೇಲೆ ಹಾರುವಾಗ ತಾಸಿಗೆ ಸುಮಾರು 800 ಕಿ.ಮೀ. ಹೋಗುತ್ತದೆ. ಬೆಂಗಳೂರಿನಿಂದ ಪಾಟ್ನಾಕ್ಕೆ ಆಕಾಶದ ದಾರಿ ಸುಮಾರು 1,600 ಕಿ.ಮೀ. ಭಾಗಿಸಿದರೆ 2 ತಾಸು. ಆದರೆ ಏರುವಾಗ, ಇಳಿಯುವಾಗ ವೇಗ ಕಡಿಮೆ. ಆದ್ದರಿಂದ ಹತ್ತಿರ ಹತ್ತಿರ 3 ತಾಸು ಹಿಡಿಯುತ್ತದೆ.

ಪೂರಾ ಲೆಕ್ಕ

ಹಾಗಾದರೆ ಮಸ್ಕಿಯಿಂದ ಪಾಟ್ನಾಕ್ಕೆ 3 ತಾಸೇ? ಅಲ್ಲ. ಮಸ್ಕಿಯಲ್ಲಿ ವಿಮಾನ ಇಳಿಯುವುದಿಲ್ಲ. ಕೂಡಿಸಿ ನೋಡೋಣ.

ಬೆಂಗಳೂರಿಗೆ ಬಸ್ಸು – 9 ತಾಸು
ಅಲ್ಲಿಂದ ವಿಮಾನ ನಿಲ್ದಾಣಕ್ಕೆ – 1 ತಾಸು
ನಿಲ್ದಾಣದಲ್ಲಿ ಕಾಯುವುದು – 2 ತಾಸು
ವಿಮಾನದಲ್ಲಿ – 3 ತಾಸು
ಒಟ್ಟು – 15 ತಾಸು

ಹಾರುವುದು 3 ತಾಸು. ಪ್ರಯಾಣ 15 ತಾಸು. ಮನೆ ಬಿಟ್ಟಾಗಿನಿಂದ ಮುಟ್ಟುವ ತನಕ ಎಣಿಸಿದರೇನೇ ಲೆಕ್ಕ ಸರಿ.

ಈ ಲೆಕ್ಕ ವಿಮಾನಕ್ಕಷ್ಟೇ ಅಲ್ಲ. ಮನೆಯಲ್ಲಿ ಮಗಳಿಗೆ ಹೆರಿಗೆ ಬ್ಯಾನಿ ಶುರುವಾಯಿತು ಅನ್ನೋಣ. ಆಸ್ಪತ್ರೆ ಅರ್ಧ ತಾಸಿನ ದಾರಿ. "ಇನ್ನೂ ಹೊತ್ತೈತಿ, ಆಮೇಲೆ ಹೋದರಾಯ್ತು" ಅಂತ ಕೂಡಬಾರದು. ಗಾಡಿ ನಮ್ಮ ಊರಿಗೆ ಬರಲು ಅರ್ಧ ತಾಸು ಬೇಕು. ಒಟ್ಟು ಒಂದು ತಾಸು ಆಯಿತು. ಆದ್ದರಿಂದ ಬ್ಯಾನಿ ಶುರುವಾದ ಕೂಡಲೇ 108ಕ್ಕೆ ಫೋನ್ ಮಾಡೋಣ. ಈ ಲೆಕ್ಕ ಎರಡು ಜೀವ ಉಳಿಸುತ್ತದೆ.

ನಾವೇ ಮಾಡೋಣ

1. ಬೆಂಗಳೂರಿನಿಂದ ಬಸ್ಸು ರಾತ್ರಿ 9 ಗಂಟೆಗೆ ಬಿಟ್ಟಿತು. 9 ತಾಸಿನ ದಾರಿ. ಸಿಂಧನೂರಿಗೆ ಎಷ್ಟು ಗಂಟೆಗೆ ಮುಟ್ಟುತ್ತದೆ?
2. ನಿಮ್ಮ ಮನೆಯಿಂದ ಆಸ್ಪತ್ರೆಗೆ ಎಷ್ಟು ಕಿ.ಮೀ.? ಗಾಡಿ ಬರುವ ಹೊತ್ತು ಸೇರಿಸಿ ಬರೆಯಿರಿ. ಬರೆದದ್ದನ್ನು ಮನೆಯವರಿಗೆಲ್ಲ ಓದಿ ಹೇಳಿರಿ.