ಚೀಲದ ನಿಂಬೆ ಸಸಿಯ ಎಲೆ ಹಳದಿಯಾದಾಗ ಕಾರಣ ಗುರುತಿಸುವ ಕ್ರಮ

ರಾಜ್ಯದಲ್ಲಿ ನಿಂಬೆಗೆ ಹೆಸರಾದ ಪ್ರದೇಶಗಳಲ್ಲಿ ವಿಜಯಪುರ ಜಿಲ್ಲೆಯ ಇಂಡಿ ಮತ್ತು ಸಿಂದಗಿ ಮುಖ್ಯವಾದವು. ಕಾಗ್ಜಿ ನಿಂಬೆಯನ್ನು ಬಹುಮಟ್ಟಿಗೆ ಬೀಜದಿಂದಲೇ ವೃದ್ಧಿ ಮಾಡುತ್ತಾರೆ. ಹೀಗಾಗಿ ಸಸಿಯು ನಾಟಿಗೆ ಮೊದಲು ಹಲವು ತಿಂಗಳು ಪಾಲಿಥೀನ್ ಚೀಲದಲ್ಲಿ ಇಲ್ಲವೆ ಕುಂಡದಲ್ಲಿ ಬೆಳೆಯುತ್ತದೆ. ಈ ಅವಧಿಯಲ್ಲಿ ಸಾಮಾನ್ಯವಾಗಿ ಕಾಣುವ ತೊಂದರೆ ಎಲೆ ಹಳದಿಯಾಗುವುದು.

ಹಳದಿ ಕಂಡೊಡನೆ ಯೂರಿಯಾ ಹಾಕುವ ರೂಢಿ ಅನೇಕರಲ್ಲಿದೆ. ಕಾರಣ ಸಾರಜನಕದ ಕೊರತೆಯಾಗಿದ್ದರೆ ಮಾತ್ರ ಇದರಿಂದ ಪ್ರಯೋಜನ. ಬೇರು ಕೊಳೆತಿದ್ದರೆ ಅಥವಾ ಮಣ್ಣಿನಲ್ಲಿ ಉಪ್ಪು ಸೇರಿದ್ದರೆ ಯೂರಿಯಾ ಸಸಿಯನ್ನು ಇನ್ನಷ್ಟು ಬೇಗ ಕೊಲ್ಲುತ್ತದೆ. ರೋಗದಿಂದ ಬಂದ ಹಳದಿಯನ್ನು ಗೊಬ್ಬರದ ಕೊರತೆ ಎಂದು ತಿಳಿದು ಆ ಸಸಿಯನ್ನು ನೆಟ್ಟರೆ, ನಷ್ಟ ಒಂದು ಸಸಿಗೆ ನಿಲ್ಲದೆ ಇಡೀ ತೋಟಕ್ಕೆ ತಗಲುತ್ತದೆ. ಆದ್ದರಿಂದ ಉಪಚಾರಕ್ಕೆ ಮೊದಲು ಕಾರಣವನ್ನು ಕ್ರಮವಾಗಿ ಗುರುತಿಸುವುದು ಅವಶ್ಯಕ.

ಚೀಲದ ಮಣ್ಣಿನ ವಿಶೇಷ

ಹೊಲದ ಗಿಡ ನೀರು, ಆಹಾರ ಅರಸಿ ಬೇರನ್ನು ದೂರಕ್ಕೆ ಚಾಚಬಲ್ಲದು. ಚೀಲದ ಸಸಿಗೆ ಆ ಅನುಕೂಲವಿಲ್ಲ. ಕೊಳವೆ ಬಾವಿಯ ಗಡಸು ನೀರನ್ನು ದಿನವೂ ಹಾಕಿದರೆ ಅದರಲ್ಲಿನ ಬೈಕಾರ್ಬೊನೇಟ್ ಮತ್ತು ಸುಣ್ಣದ ಅಂಶ ಅದೇ ಹಿಡಿ ಮಣ್ಣಿನಲ್ಲಿ ಸೇರುತ್ತಾ ಹೋಗುತ್ತದೆ. ಮಣ್ಣಿನ ರಸಸಾರ 7.5ಕ್ಕಿಂತ ಮೇಲೇರಿದಾಗ ಕಬ್ಬಿಣವು ಮಣ್ಣಿನಲ್ಲಿದ್ದರೂ ಕರಗದ ರೂಪದಲ್ಲಿರುವುದರಿಂದ ಬೇರಿಗೆ ದಕ್ಕುವುದಿಲ್ಲ. ಸತು ಮತ್ತು ಮ್ಯಾಂಗನೀಸಿನ ಸ್ಥಿತಿಯೂ ಹೆಚ್ಚುಕಡಿಮೆ ಇದೇ.

ಮೊದಲ ಪರೀಕ್ಷೆ: ಯಾವ ಎಲೆ?

ಸಸಿಯ ಕೆಳಗಿನ ಹಳೆಯ ಎಲೆ ಹಳದಿಯಾಗಿದೆಯೇ, ತುದಿಯ ಹೊಸ ಎಲೆ ಹಳದಿಯಾಗಿದೆಯೇ ಎಂಬುದನ್ನು ಮೊದಲು ನೋಡಬೇಕು. ಸಾರಜನಕ ಮತ್ತು ಮೆಗ್ನೀಷಿಯಂ ಸಸ್ಯದೊಳಗೆ ಚಲಿಸಬಲ್ಲವು. ಕೊರತೆಯಾದಾಗ ಗಿಡವು ಹಳೆಯ ಎಲೆಯಿಂದ ತೆಗೆದು ಚಿಗುರಿಗೆ ಕೊಡುತ್ತದೆ. ಕಬ್ಬಿಣ, ಸತು, ಮ್ಯಾಂಗನೀಸ್ ಹಾಗೆ ಸುಲಭವಾಗಿ ಚಲಿಸುವುದಿಲ್ಲ. ಆದ್ದರಿಂದ ಇವುಗಳ ಕೊರತೆ ಹೊಸ ಎಲೆಯಲ್ಲೇ ಮೊದಲು ಕಾಣುತ್ತದೆ.

ಹಳೆಯ ಎಲೆಗಳಲ್ಲಿ:
1. ನರಗಳೂ ಸೇರಿ ಇಡೀ ಎಲೆ ಸಮನಾಗಿ ತಿಳಿ ಹಳದಿಯಾದರೆ ಸಾರಜನಕದ ಕೊರತೆ.
2. ಎಲೆಯ ಬುಡದಲ್ಲಿ ತಲೆಕೆಳಗಾದ 'ವಿ' ಆಕಾರದ ಹಸಿರು ಉಳಿದು ಸುತ್ತ ಹಳದಿಯಾದರೆ ಮೆಗ್ನೀಷಿಯಂ ಕೊರತೆ.
3. ತುದಿ ಮತ್ತು ಅಂಚು ಕಂದು ಬಣ್ಣಕ್ಕೆ ತಿರುಗಿ ಸುಟ್ಟಂತಾಗಿ, ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿದ್ದರೆ ಉಪ್ಪಿನ ಬಾಧೆ.

ಹೊಸ ಎಲೆಗಳಲ್ಲಿ:
1. ಎಲೆ ಹಳದಿ ಅಥವಾ ಬಿಳಿಚಿಕೊಂಡು, ನರಗಳು ಮಾತ್ರ ಸಣ್ಣ ಹಸಿರು ಬಲೆಯಂತೆ ಎದ್ದು ಕಂಡರೆ ಕಬ್ಬಿಣದ ಕೊರತೆ.
2. ಎಲೆ ಚಿಕ್ಕದಾಗಿ, ಕಿರಿದಾಗಿ, ನೆಟ್ಟಗೆ ನಿಂತು, ಗೆಣ್ಣುಗಳ ಅಂತರ ಕಡಿಮೆಯಾಗಿ, ನರಗಳ ನಡುವೆ ಹಳದಿ ಮಚ್ಚೆಗಳಿದ್ದರೆ ಸತುವಿನ ಕೊರತೆ.
3. ಎಲೆಯ ಗಾತ್ರ ಕುಗ್ಗದೆ, ನರಗಳ ಗುಂಟ ಅಗಲವಾದ ಹಸಿರು ಪಟ್ಟಿ ಉಳಿದು ನಡುವೆ ತಿಳಿ ಹಸಿರಾದರೆ ಮ್ಯಾಂಗನೀಸ್ ಕೊರತೆ.

ಎರಡನೆಯ ಪರೀಕ್ಷೆ: ಎರಡು ಬದಿ ಸಮವೇ?

ಎಲೆಯನ್ನು ಬೆಳಕಿಗೆ ಹಿಡಿದು ನಡುನರದ ಎಡ ಮತ್ತು ಬಲ ಭಾಗಗಳನ್ನು ಹೋಲಿಸಬೇಕು. ಪೋಷಕಾಂಶದ ಕೊರತೆಯ ಹಳದಿ ಎರಡೂ ಬದಿಯಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ. ಒಂದು ಬದಿಯಲ್ಲಿ ಹಳದಿ ಮಚ್ಚೆ ಇದ್ದು, ಅದೇ ಜಾಗದಲ್ಲಿ ಇನ್ನೊಂದು ಬದಿ ಹಸಿರಾಗಿದ್ದರೆ ಗ್ರೀನಿಂಗ್ ರೋಗವನ್ನು ಶಂಕಿಸಬೇಕು. ಇದು ಸಿಲ್ಲಾ ಎಂಬ ಸಣ್ಣ ಕೀಟದಿಂದ ಹರಡುವ ಬ್ಯಾಕ್ಟೀರಿಯಾ ರೋಗ. ರೋಗ ತಗುಲಿದ ಸಸಿಯನ್ನು ಗುಣಪಡಿಸುವ ಔಷಧಿಯಿಲ್ಲ. ಇದೇ ಕೀಟ ಕರಿಬೇವಿನ ಮೇಲೂ ಬೆಳೆಯುವುದರಿಂದ ನಿಂಬೆ ಸಸಿಗಳ ಪಕ್ಕದಲ್ಲಿ ಕರಿಬೇವು ಇಡುವುದು ಸಲ್ಲದು.

ಮೂರನೆಯ ಪರೀಕ್ಷೆ: ಬೇರು

ನಡುನರವೇ ಹಳದಿಯಾಗಿ, ಮಣ್ಣು ಒದ್ದೆಯಾಗಿದ್ದರೂ ಎಲೆ ಬಾಡಿದ್ದರೆ ಬೇರನ್ನು ನೋಡದೆ ಮುಂದುವರಿಯಬಾರದು. ಒಂದೆರಡು ಸಸಿಗಳ ಚೀಲ ಸೀಳಿ ಮಣ್ಣು ಬಿಡಿಸಿ ನೋಡಬೇಕು. ಆರೋಗ್ಯವಂತ ಬೇರಿನ ತುದಿ ಬಿಳಿಯಾಗಿ ಗಟ್ಟಿಯಾಗಿರುತ್ತದೆ. ಕೊಳೆತ ಬೇರು ಕಂದು ಬಣ್ಣಕ್ಕಿದ್ದು, ಬೆರಳಿನಿಂದ ಎಳೆದರೆ ಸಿಪ್ಪೆ ಕಳಚಿ ಒಳಗಿನ ದಾರ ಮಾತ್ರ ಉಳಿಯುತ್ತದೆ. ಹೀಗಿದ್ದಾಗ ಗೊಬ್ಬರ ಕೊಡದೆ ನೀರು ಕಡಿಮೆ ಮಾಡಬೇಕು, ಚೀಲದ ರಂಧ್ರ ಬಿಡಿಸಬೇಕು ಮತ್ತು ಲೀಟರ್ ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ ಬುಡಕ್ಕೆ ಸುರಿಯಬೇಕು.

ಖಚಿತಪಡಿಸುವ ಸುಲಭ ವಿಧಾನ

ಕಬ್ಬಿಣವೋ ಸತುವೋ ಎಂಬ ಅನುಮಾನ ಉಳಿದರೆ ಎಲೆಯನ್ನೇ ಕೇಳಬಹುದು. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಒಂದು ದ್ರಾವಣ ಮಾಡಬೇಕು. ಇನ್ನೊಂದಕ್ಕೆ ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್ ಮತ್ತು 2.5 ಗ್ರಾಂ ಅರಳಿದ ಸುಣ್ಣ ಸಾಕು. ನಾಲ್ಕೈದು ಸಸಿಗಳಲ್ಲಿ ಒಂದೊಂದು ಹಳದಿ ಎಲೆಯ ಒಂದು ಬದಿಗೆ ಮಾತ್ರ ಕುಂಚದಿಂದ ಸಂಜೆ ಬಳಿದು, ಕೊಂಬೆಗೆ ಬಣ್ಣದ ದಾರ ಕಟ್ಟಬೇಕು. ಕಬ್ಬಿಣಕ್ಕೆ ಕೆಂಪು, ಸತುವಿಗೆ ಬಿಳಿ ದಾರ ಕಟ್ಟಿದರೆ ಗೊಂದಲವಿರುವುದಿಲ್ಲ. 8ರಿಂದ 10 ದಿನಗಳಲ್ಲಿ ಯಾವ ದ್ರಾವಣ ಬಳಿದ ಭಾಗ ಹಸಿರಾಗುತ್ತದೆಯೋ ಅದೇ ಕೊರತೆ.

ಉಪಚಾರ

ಪರೀಕ್ಷೆಯಲ್ಲಿ ಗುಣ ತೋರಿದ ದ್ರಾವಣವನ್ನೇ ಅದೇ ಪ್ರಮಾಣದಲ್ಲಿ ಎಲ್ಲ ಸಸಿಗಳಿಗೆ ಸಂಜೆ ಸಿಂಪಡಿಸಬೇಕು. ಕಬ್ಬಿಣದ ದ್ರಾವಣ ತುಕ್ಕಿನ ಬಣ್ಣಕ್ಕೆ ತಿರುಗಿದರೆ ಕೆಲಸ ಮಾಡದು, ಕೂಡಲೇ ಬಳಸಬೇಕು. ಮ್ಯಾಂಗನೀಸ್ ಕೊರತೆಗೆ ಲೀಟರಿಗೆ 5 ಗ್ರಾಂ ಮ್ಯಾಂಗನೀಸ್ ಸಲ್ಫೇಟ್, ಮೆಗ್ನೀಷಿಯಂ ಕೊರತೆಗೆ 10 ಗ್ರಾಂ ಮೆಗ್ನೀಷಿಯಂ ಸಲ್ಫೇಟ್, ಸಾರಜನಕಕ್ಕೆ 10 ಗ್ರಾಂ ಯೂರಿಯಾ ಸಿಂಪಡಿಸಬಹುದು. ಕಬ್ಬಿಣವನ್ನು ಬುಡಕ್ಕೇ ಕೊಡುವುದಾದರೆ ಸುಣ್ಣದ ಮಣ್ಣಿನಲ್ಲಿ ಇಡಿಡಿಎಚ್‌ಎ ರೂಪದ ಕಬ್ಬಿಣವೇ ಬೇಕು. ಇಡಿಟಿಎ ರೂಪದ್ದು ಅಲ್ಲಿ ಬೇಗ ನಿಷ್ಫಲವಾಗುತ್ತದೆ. ಉಪ್ಪಿನ ಬಾಧೆಗೆ ಚೀಲದ ತಳದಿಂದ ಚೆನ್ನಾಗಿ ಹರಿದು ಹೋಗುವಂತೆ ಸಿಹಿನೀರನ್ನು ಎರಡು ಮೂರು ಸಲ ಹಾಯಿಸಬೇಕು.

ಗ್ರೀನಿಂಗ್ ಶಂಕೆಯಿರುವ ಸಸಿಗಳನ್ನು ಬೇರ್ಪಡಿಸಿ ತಜ್ಞರಿಗೆ ತೋರಿಸಬೇಕು. ರೋಗ ಖಚಿತವಾದರೆ ಕಿತ್ತು ಸುಡಬೇಕು. ಅವನ್ನು ನೆಡುವುದಾಗಲಿ ಮಾರುವುದಾಗಲಿ ಕೂಡದು.

ಮುನ್ನೆಚ್ಚರಿಕೆ

ಚೀಲ ತುಂಬುವ ಮಣ್ಣಿನ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ ನೋಡುವುದು ಒಳ್ಳೆಯದು. ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣವಿದೆ. ಅಂಥ ಮಣ್ಣು ಬೇಡ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರದ ಮಿಶ್ರಣ ಸಾಕಾಗುತ್ತದೆ. ಸಾಧ್ಯವಾದಷ್ಟು ದಿನ ಸಂಗ್ರಹಿಸಿದ ಮಳೆ ನೀರನ್ನೇ ಕೊಡಬೇಕು. ಬೆರಳನ್ನು ಒಂದು ಗೆಣ್ಣಿನಷ್ಟು ಇಳಿಸಿ, ಮಣ್ಣು ಆರಿದ್ದರೆ ಮಾತ್ರ ನೀರು ಹಾಕಬೇಕು.

ಒಂದೇ ಸಲಕ್ಕೆ ನಾಲ್ಕು ಔಷಧಿ ಹಾಕಿದರೆ ಸಸಿ ಚೇತರಿಸಿಕೊಂಡರೂ ಕಾರಣ ತಿಳಿಯುವುದಿಲ್ಲ. ಮುಂದಿನ ವರ್ಷ ಮತ್ತೆ ಅದೇ ತೊಂದರೆ ಬರುತ್ತದೆ. ಎಲೆ, ಬೇರು, ನೀರು ಈ ಮೂರನ್ನೂ ನೋಡಿದ ಮೇಲೆಯೇ ಗೊಬ್ಬರದ ಚೀಲಕ್ಕೆ ಕೈ ಹಾಕುವುದು ಲಾಭಕರ.