ಉಂಗುರ ತೊಟ್ಟ ಹಕ್ಕಿ

ಹಿಂಗಾರಿ ಜೋಳದ ತೆನೆ ಹಾಲುಗಾಳು ಕಟ್ಟುವ ಹೊತ್ತಿಗೆ ಆಡಕಿ, ಸೇಡಂ, ಚಿತ್ತಾಪುರಗಳ ಕಡೆಯ ಎರೆಹೊಲಗಳ ಮೇಲೆ ಗುಲಾಬಿ ಕಬ್ಬಕ್ಕಿಗಳು ಮೋಡದಂತೆ ಇಳಿಯುವುದುಂಟು. ಕವಣೆ ಹಿಡಿದು ಹೊಲ ಕಾಯುವ ರೈತನಿಗೆ ಅವು ಹೊಸಬವಲ್ಲ. ಆದರೆ ಕಳೆದ ವರ್ಷ ಬಂದ ಹಕ್ಕಿಯೇ ಈ ವರ್ಷವೂ ಬಂದಿತೆ? ಒಂದರಂತೆ ಮತ್ತೊಂದಿರುವ ಸಾವಿರ ಹಕ್ಕಿಗಳಲ್ಲಿ ಒಂದನ್ನು ಗುರುತಿಸುವ ಬಗೆ ಯಾವುದು?

ಇದಕ್ಕೆ ದಾರಿ ತೋರಿದವರಲ್ಲಿ ಡೆನ್ಮಾರ್ಕ್ ದೇಶದ ಉಪಾಧ್ಯಾಯರಾದ ಮಾರ್ಟೆನ್‌ಸೆನ್ ಪ್ರಮುಖರು. ಅವರು ಮೊದಲು ಬಳಸಿದ ಸತುವಿನ ಉಂಗುರ ಹಕ್ಕಿಗೆ ಭಾರವಾಯಿತು. 1899ರಲ್ಲಿ ಅಂಕೆ ಕೊರೆದ ಹಗುರವಾದ ಅಲ್ಯೂಮಿನಿಯಂ ಉಂಗುರಗಳನ್ನು ಕಬ್ಬಕ್ಕಿಯ ಬಳಗದ 165 ಹಕ್ಕಿಗಳ ಕಾಲಿಗೆ ತೊಡಿಸಿದರು. ಭಾರತದಲ್ಲಿ ಈ ಕಾರ್ಯವನ್ನು ಮುಂಬಯಿಯ ನಿಸರ್ಗ ಇತಿಹಾಸ ಸಂಘವು 1927ರಲ್ಲಿ ಆರಂಭಿಸಿತು. 1959ರಿಂದ ಸಲೀಂ ಅಲಿಯವರ ನೇತೃತ್ವದಲ್ಲಿ ಅದು ವಿಸ್ತಾರಗೊಂಡಿತು.

ಹಕ್ಕಿಯನ್ನು ಹಿಡಿಯುವುದು ದೊಡ್ಡ ವಿದ್ಯೆಯೇನಲ್ಲ, ಬೇಡರೂ ಅದನ್ನು ಬಲ್ಲರು. ಗಾಯವಾಗದಂತೆ ಬಿಡಿಸುವುದೇ ವಿದ್ಯೆ. ಕಣ್ಣಿಗೆ ಕಾಣದಷ್ಟು ತೆಳುವಾದ ನೂಲಿನ ಬಲೆಗೆ ಹಕ್ಕಿ ಯಾವ ಕಡೆಯಿಂದ ಬಿದ್ದಿತೋ ಆ ಕಡೆಯಿಂದಲೇ ಅದನ್ನು ಬಿಡಿಸಬೇಕು. ಬೆನ್ನು ಅಂಗೈಗೆ ತಾಗುವಂತೆ, ಕೊರಳು ತೋರುಬೆರಳು ನಡುಬೆರಳುಗಳ ನಡುವೆ ಇರುವಂತೆ ಹಿಡಿಯಬೇಕು. ನಮಗಿರುವಂತೆ ಹಕ್ಕಿಗೆ ವಪೆಯಿಲ್ಲ; ಎದೆಯೆಲುಬು ಏರಿಳಿದರೆ ಮಾತ್ರ ಅದಕ್ಕೆ ಉಸಿರು. ಪ್ರೀತಿಯಿಂದಲೇ ಆಗಲಿ, ಮುಷ್ಟಿ ಬಿಗಿದರೆ ಅದು ಸಾಯುತ್ತದೆ. ಉಂಗುರವು ಕಾಲಿನ ಸುತ್ತ ಸರಾಗವಾಗಿ ತಿರುಗಬೇಕು, ಪಾದದಿಂದ ಕಳಚಬಾರದು. ಬಳಿಕ ರೆಕ್ಕೆಯ ಉದ್ದ, ತೂಕಗಳನ್ನು ಬರೆದುಕೊಂಡು ತಡಮಾಡದೆ ಹಾರಿಬಿಡಬೇಕು. ಹಕ್ಕಿ ಬಳಲಿದಂತೆ ಕಂಡರೆ ಅಳತೆಯನ್ನು ಕೈಬಿಡಬೇಕು. ಅಂಕೆಗಿಂತ ಜೀವ ಮೊದಲು.

ಇಂಥ ಕೈಯನ್ನು ಪುಸ್ತಕ ಪಳಗಿಸಲಾರದು. ಈ ಕೆಲಸವನ್ನು ಬಹುಮಟ್ಟಿಗೆ ಸ್ವಯಂಸೇವಕರೇ ನಡೆಸುವ ಬ್ರಿಟನ್ನಿನಲ್ಲಿ ಹೊಸಬನು ಅನುಭವಿಯೊಬ್ಬನ ಕಣ್ಣೆದುರಿನಲ್ಲಿ ದೀರ್ಘಕಾಲ ಕಲಿತ ಮೇಲೆಯೇ ಪರವಾನಗಿ ಪಡೆಯುತ್ತಾನೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅನುಮತಿಯಿಲ್ಲದೆ ಕಾಡುಹಕ್ಕಿಯನ್ನು ಹಿಡಿಯುವುದು ಅಪರಾಧ. ಆದುದರಿಂದ ಕಲಿಯಬಯಸುವವನು ಅನುಮತಿ ಪಡೆದ ವಿಜ್ಞಾನಿಗಳ ಶಿಬಿರವನ್ನೇ ಸೇರಬೇಕು.

ಅದಕ್ಕೆ ಮುನ್ನ ಬಲೆಯಿಲ್ಲದೆ ಮಾಡುವ ಕೆಲಸ ಬೇಕಾದಷ್ಟಿದೆ. ಕಾಗಿಣಾ ತೀರದಲ್ಲೋ ಊರಕೆರೆಯ ಏರಿಯ ಮೇಲೋ ಕುಳಿತು ಕಂಡ ಹಕ್ಕಿ, ದಿನಾಂಕ, ಸ್ಥಳಗಳನ್ನು ಬರೆದಿಡಬಹುದು. ಸತ್ತ ಹಕ್ಕಿಯ ಕಾಲಿನಲ್ಲಿ ಉಂಗುರ ಕಂಡರೆ, ಅದನ್ನು ಮುಟ್ಟದೆ ಹಿರಿಯರಿಗೆ ತೋರಿಸಿ, ಅದರ ಅಂಕೆಯನ್ನು ಮುಂಬಯಿಯ ಸಂಘಕ್ಕೆ ತಿಳಿಸಬೇಕು. ಬದುಕಿರುವ ಹಕ್ಕಿಯ ಉಂಗುರವನ್ನಂತೂ ತೆಗೆಯಲೇಬಾರದು. ದೂರದ ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಟ್ಟ ಪಟ್ಟೆತಲೆ ಹೆಬ್ಬಾತುಗಳು ಕರ್ನಾಟಕದ ಕೆರೆಗಳಿಗೆ ಬಂದ ಸಂಗತಿ ತಿಳಿದುಬಂದದ್ದು, ದಡದಲ್ಲಿ ನಿಂತು ದುರ್ಬೀನಿನಿಂದ ಆ ಪಟ್ಟಿಯ ಅಕ್ಷರಗಳನ್ನು ಓದಿದವರಿಂದ.